ಮೂರು ಡಬ್ಬಿಗಳ ಪಾಠ

1963ರಲ್ಲಿ ಮಾಂಟಿ ಹಾಲ್ ಎಂಬವರು ಅಮೆರಿಕದ ಟಿ.ವಿ.ಯಲ್ಲಿ ‘ಲೆಟ್ಸ್ ಮೇಕ್ ಎ ಡೀಲ್’ ಎಂಬ ಬಹುಮಾನದ ಆಟವನ್ನು ಆರಂಭಿಸಿದರು. ಅದರಿಂದ ಪ್ರೇರಿತವಾದ ಮೂರು ಬಾಗಿಲುಗಳ ಸಮಸ್ಯೆಯು 1990ರಲ್ಲಿ ಗಣಿತಜ್ಞರನ್ನೂ ವಾದಕ್ಕೆಳೆಯಿತು. ಕಳೆದ ಯುಗಾದಿಯಂದು ಬಳಗದ ಮಕ್ಕಳಿಗೆ ನಾನು ಅದನ್ನೇ ಆಡಿಸಿದೆನು. ಮೂರು ಡಬ್ಬಿಗಳಲ್ಲಿ ಒಂದರಲ್ಲಿ ಮಾತ್ರ ಪೆನ್ನು.

ಬಾಲಕನೊಬ್ಬನು ಒಂದು ಡಬ್ಬಿಯನ್ನು ಆರಿಸಿದನು. ಉಳಿದೆರಡರಲ್ಲಿ ಬರಿದಾದುದನ್ನು ತೆರೆದು ತೋರಿಸಿ, “ಬದಲಿಸುವೆಯಾ?” ಎಂದೆನು.

“ಬ್ಯಾಡ್ರಿ ಅಜ್ಜಾರ” ಎಂದನು, ಸೋತನು. ಕಣ್ಣು ತುಂಬಿಕೊಂಡು, “ನಿಮಗ ಗೊತ್ತಿತ್ತಲ್ರೀ?” ಎಂದನು.

ಗೊತ್ತಿತ್ತು. ಅರಿತವನು ಬರಿದನ್ನೇ ತೆರೆಯುವುದರಿಂದ, ಬದಲಿಸುವವನಿಗೆ ಮೂರರಲ್ಲಿ ಎರಡು ಪಾಲು ಗೆಲುವಿನ ಸಂಭವ. ಬದಲಿಸದವನಿಗೆ ಒಂದೇ ಪಾಲು. ಈ ಮರ್ಮವನ್ನು ನಾನು ಮುಚ್ಚಿಟ್ಟಿದ್ದೆನು.

ಮರುದಿನ ಮರ್ಮವನ್ನು ತಿಳಿಸಿ, ಡಬ್ಬಿಗಳನ್ನು ಅವನ ಕೈಗೇ ಕೊಟ್ಟೆನು. ಅವನು ಆಡಿಸಿದನು, ನಾನು ಆಡಿದೆನು. ಬಹುಮಾನ ಹಂಚುವವನು ಮೊದಲು ಅರಿವನ್ನು ಹಂಚಬೇಕಲ್ಲವೇ?