ಬಾಲ್ಕನಿ ಸೈಕಲ್ಲು

ಬೆಂಗಳೂರಿನಲ್ಲಿ ನಲವತ್ತು ದಾಟಿದವರ ಕೈಗೆ ಕೊಲೆಸ್ಟೆರಾಲ್ ರಿಪೋರ್ಟು ಬಂದ ವಾರದೊಳಗೆ ನಂದಿಬೆಟ್ಟ ನೆನಪಾಗುತ್ತದೆ. ಬೆಟ್ಟ ನೋಡುವುದಕ್ಕಲ್ಲ, ಸೈಕಲ್ ತುಳಿದುಕೊಂಡು ಹತ್ತುವುದಕ್ಕೆ. ಭಾನುವಾರ ಬೆಳಗಿನ ಜಾವ ದೇವನಹಳ್ಳಿ ರಸ್ತೆಯಲ್ಲಿ ಮೈಗಂಟಿದ ಅಂಗಿ ತೊಟ್ಟು, ಬಾಗಿದ ಹ್ಯಾಂಡಲ್ ಹಿಡಿದು ಸುಯ್ಯನೆ ಹೋಗುವವರನ್ನು ಕಂಡ ಮೇಲಂತೂ ಮನೆಯ ಹಳೇ ಸೈಕಲ್ಲು ತರಕಾರಿ ತರುವುದಕ್ಕಷ್ಟೇ ಲಾಯಕ್ಕು ಅನ್ನಿಸತೊಡಗುತ್ತದೆ. ರೋಡ್ ಬೈಕೇ ಆಗಬೇಕು. ಬಜೆಟ್ಟು? ‘ಸುಮ್ನೆ ಶುರು ಮಾಡೋಕೆ ಸಾರ್, ಇಪ್ಪತ್ತೈದು ಸಾವಿರದೊಳಗೆ.’

ಹೀಗೆಂದವರನ್ನು ಅಂಗಡಿಯ ಹುಡುಗ ಕನಿಕರದಿಂದ ನೋಡುತ್ತಾನೆ. ಆಮೇಲೆ ಗೇರುಗಳ ಗೋತ್ರ ಪ್ರವರ ಶುರು: ಕ್ಲಾರಿಸ್, ಸೋರಾ, ಟಿಯಾಗ್ರಾ, ಅಲ್ಟೆಗ್ರಾ, ಡ್ಯೂರಾ ಏಸ್. ಎಲ್ಲವೂ ಶಿಮಾನೊ ಎಂಬ ಒಂದೇ ಮನೆತನದ ಕುಡಿಗಳು. 1921ರಲ್ಲಿ ಜಪಾನಿನ ಸಕಾಯ್ ಎಂಬಲ್ಲಿ ಫ್ರೀವೀಲ್ ಮಾಡಿಕೊಂಡಿದ್ದ ಕಂಪನಿ ಅದು. ಕ್ಲಾರಿಸ್ಸಿಗೆ ಹಿಂದೆ 8 ಹಲ್ಲುಗಾಲಿ, ಸೋರಾಕ್ಕೆ 9, ಟಿಯಾಗ್ರಾಕ್ಕೆ 10. ಒಂದೊಂದು ಮೆಟ್ಟಿಲಿಗೂ ಜೇಬು ಒಂದಿಷ್ಟು ಹಗುರಾಗುತ್ತದೆ. ‘ಇನ್ನೊಂದ್ ಹದಿನೈದು ಹಾಕಿದ್ರೆ ಸೋರಾನೇ ಬರತ್ತೆ’ ಎಂಬ ಮಾತಿಗೆ ಸೋತವರು ಬಹಳ.

ಸೋಲಬೇಕಾಗಿಲ್ಲ. ಟೂರ್ ಡಿ ಫ್ರಾನ್ಸ್ ರೇಸನ್ನು 1903ರಲ್ಲಿ ಶುರು ಮಾಡಿದ ಹೆನ್ರಿ ದೆಗ್ರಾಂಜನಿಗೆ ಗೇರೆಂದರೇ ಆಗುತ್ತಿರಲಿಲ್ಲ. ಅದೆಲ್ಲ ನಲವತ್ತೈದು ದಾಟಿದವರಿಗೆ ಅನ್ನುತ್ತಿದ್ದ. ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮುಂಚೆ ರೇಸಿನವರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ ತಿರುವಿಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲುಗಾಲಿಗೆ ಚೈನು ಸಿಕ್ಕಿಸಿಕೊಂಡು ಆಲ್ಪ್ಸ್ ಹತ್ತುತ್ತಿದ್ದರು. ದೆಗ್ರಾಂಜನ ಲೆಕ್ಕದಲ್ಲೂ ನಮ್ಮ ಗಿರಾಕಿಗೆ ಗೇರಿನ ಹಕ್ಕು ಹೆಚ್ಚುಕಡಿಮೆ ಬಂದೇಬಿಟ್ಟಿದೆ, ಎಂಟು ಧಾರಾಳವಾಯಿತು. ಎಷ್ಟಿವೆ ಎಂಬುದಕ್ಕಿಂತ ಕೊನೆಯದು ಎಷ್ಟು ಸಲೀಸು ಅನ್ನುವುದು ಮುಖ್ಯ. ಮುಂದೆ 34 ಹಲ್ಲು, ಹಿಂದೆ 32 ಇದ್ದರೆ ಪೆಡಲು ಒಂದು ಸುತ್ತು ಬಂದಾಗ ಚಕ್ರವೂ ಹತ್ತಿರಹತ್ತಿರ ಒಂದೇ ಸುತ್ತು ತಿರುಗುತ್ತದೆ. ನಂದಿಯ ಕಡೆಯ ತಿರುವುಗಳಲ್ಲಿ ಮರ್ಯಾದೆ ಉಳಿಸುವುದು ಈ ಲೆಕ್ಕವೇ.

ಅಂಗಡಿಯಲ್ಲಿ ಯಾರೂ ಹೆಚ್ಚು ಮಾತಾಡದ ಸಂಗತಿ ಅಳತೆ. ಮನೆಯಲ್ಲೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿಯಬೇಕು. ಕಿಟೆಲ್ ನಿಘಂಟು ಪ್ರಶಸ್ತ, ಪಾದ್ರಿಗಳು ಕ್ಷಮಿಸಲಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಲು ಇನ್ನೊಬ್ಬರು ಬೇಕು. ಅವರು ನಗದವರಾದರೆ ಅಳತೆ ಸರಿ ಬರುತ್ತದೆ. ಬಂದದ್ದನ್ನು 0.883ರಿಂದ ಗುಣಿಸಿದರೆ ಪೆಡಲುಗಳ ನಡುವಿನ ಅಚ್ಚಿನಿಂದ ಸೀಟಿನ ಎತ್ತರ ಎಷ್ಟಿರಬೇಕೆಂದು ಅಂದಾಜು ಸಿಗುತ್ತದೆ: 80 ಸೆಂ.ಮೀ. ಕಾಲಿಗೆ ಸುಮಾರು 70.6. ಸೀಟನ್ನೇನೋ ಏರಿಸಬಹುದು, ಇಳಿಸಬಹುದು. ಫ್ರೇಮಿನ ಉದ್ದವನ್ನು ಮಾತ್ರ ಬ್ರಹ್ಮನೂ ತಿದ್ದಲಾರ. ದೊಡ್ಡದು ಕೊಂಡರೆ ಹ್ಯಾಂಡಲ್ಲಿಗೆ ಚಾಚಿ ಚಾಚಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಡಿಸ್ಕೌಂಟಿನಲ್ಲಿ ಸಿಕ್ಕಿತೆಂದು ಎರಡು ಸೈಜು ದೊಡ್ಡ ಚಪ್ಪಲಿ ಯಾರೂ ಕೊಳ್ಳುವುದಿಲ್ಲ, ಸೈಕಲ್ಲು ಕೊಳ್ಳುತ್ತಾರೆ.

ಟೈರಿನ ವಿಷಯಕ್ಕೆ ಬಂದರೆ, ತೆಳ್ಳಗಿದ್ದಷ್ಟೂ ವೇಗ ಎಂಬ ನಂಬಿಕೆಯನ್ನು ರೇಸಿನವರೇ ಬಿಟ್ಟಿದ್ದಾರೆ. ಅವರೇ ಈಗ 28 ಮಿ.ಮೀ. ಹಾಕಿಕೊಂಡು ಓಡುತ್ತಾರೆ, ಅದೂ ಯುರೋಪಿನ ರಸ್ತೆಯಲ್ಲಿ. ನಮ್ಮ ಗುಂಡಿಗೆ 28 ಕನಿಷ್ಠ. ಫ್ರೇಮಿನಲ್ಲಿ 32ಕ್ಕೆ ಜಾಗವಿದ್ದರೆ ಇನ್ನೂ ಪಸಂದು. ತೆಳು ಟೈರು ಗಾಳಿ ಕಮ್ಮಿಯಿದ್ದಾಗ ಗುಂಡಿಯ ಅಂಚಿಗೆ ಬಡಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ, ಥೇಟ್ ಹಾವು ಕಚ್ಚಿದ ಗುರುತು. ಗಾಳಿ ಹಾಕಿಸೋಣವೆಂದು ಮೂಲೆಯ ಪಂಚರ್ ಅಂಗಡಿಗೆ ಹೋದರೆ ಆತ ಕಡ್ಡಿಯಂಥ ಪ್ರೆಸ್ಟಾ ವಾಲ್ವನ್ನು ತಿರುಗಿಸಿ ನೋಡಿ, ‘ಇದ್ರ ಮೂತಿ ನಮ್ ಮೆಷೀನಿಗೆ ಕೂರಲ್ಲ ಸಾರ್’ ಅನ್ನುತ್ತಾನೆ. ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರೊಂದು ಜೇಬಿನಲ್ಲಿದ್ದರೆ ಆ ತಕರಾರು ಮುಗಿಯಿತು.

ಇನ್ನು ಆ ಇಪ್ಪತ್ತೈದು ಸಾವಿರದ ಮಾತು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು, ನಿಜ. ಆದರೂ ನಂಬಬಹುದಾದ ಹೊಸ ರೋಡ್ ಬೈಕು ಆ ದುಡ್ಡಿಗೆ ಸಿಗುವುದು ಕಷ್ಟ. ಹಾಗಾಗಿ ಅಂಗಡಿಯಿಂದ ಹೊರಬಂದು ಕತ್ತೆತ್ತಿ ಅಪಾರ್ಟ್‌ಮೆಂಟುಗಳ ಬಾಲ್ಕನಿ ನೋಡಿ ಎಂಬುದು ನನ್ನ ಸಲಹೆ. ಕೊರೊನಾ ಕಾಲದಲ್ಲಿ ಜಿಮ್ಮು ಮುಚ್ಚಿದಾಗ ಸೈಕಲ್ ಕೊಂಡವರೆಷ್ಟೋ, ತುಳಿಯುತ್ತಿರುವವರು ಕೆಲವರು. ಉಳಿದ ಸೈಕಲ್ಲುಗಳ ಮೇಲೆ ಟವೆಲು ಒಣಗುತ್ತಿವೆ. ಮಾಲೀಕರು ‘ಇವತ್ತಲ್ಲ ನಾಳೆ ಓಡಿಸ್ತೀನಿ’ ಅನ್ನುತ್ತಾರೆ. ಮನೆಯಾಕೆ ‘ಮೊದಲು ತಗೊಂಡ್ಹೋಗಿ’ ಅನ್ನುತ್ತಾರೆ. ವ್ಯಾಪಾರ ಕುದುರುವುದು ಎರಡನೆಯವರ ಹತ್ತಿರ.

ಹಾಗಂತ ಕಣ್ಣು ಮುಚ್ಚಿ ತರಬಾರದು. ಟೈರಿನ ಮೇಲೆ ಅಚ್ಚಿನಿಂದ ಬಂದ ರಬ್ಬರ್ ಕೂದಲು ಇನ್ನೂ ನವಿರಾಗಿ ನಿಂತಿದ್ದರೆ ಸೈಕಲ್ಲು ಗೇಟು ದಾಟಿದ್ದು ಕಮ್ಮಿ ಎಂದರ್ಥ. ಆದರೆ ಬಿಸಿಲಿಗೆ ಅದೇ ಟೈರಿನ ಪಕ್ಕೆ ಬಿರುಕು ಬಿಟ್ಟಿರಬಹುದು, ಬಗ್ಗಿ ನೋಡಬೇಕು. ಚೈನಿಗೆ ಸ್ಕೇಲು ಹಿಡಿಯಿರಿ: ಅರ್ಧ ಇಂಚಿಗೊಂದು ಪಿನ್ನಿನಂತೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರನೆಯ ಒಂದು ಭಾಗ ಜಗ್ಗಿದ್ದರೆ ಚೈನು ಹೊಸದು ಹಾಕಿಸಬೇಕು. ಎಂಟನೆಯ ಒಂದು ಭಾಗವಾದರೆ ಹಲ್ಲುಗಾಲಿಗಳೂ ಸವೆದಿವೆ, ಬೆಲೆ ಇಳಿಸಿ. ಅಲ್ಯುಮಿನಿಯಂ ಫ್ರೇಮಾದರೆ ಬೆಸುಗೆಯ ಜಾಗದಲ್ಲಿ ಗೆರೆಯೆದ್ದಿದೆಯೇ ನೋಡಿ. ಕಾರ್ಬನ್ ಆದರೆ, ಎಷ್ಟೇ ಅಗ್ಗವಿರಲಿ, ಕೈಮುಗಿದು ಬನ್ನಿ. ಒಳಗಿನ ಬಿರುಕು ಹೊರಗೆ ಕಾಣದು. ಪೆಡಲುಗಳ ನಡುವಿನ ಅಚ್ಚಿನ ಕೆಳಗೆ ಕೊರೆದಿರುವ ನಂಬರು ಬಿಲ್ಲಿನಲ್ಲಿರುವುದಕ್ಕೆ ತಾಳೆಯಾದರೆ ಕದ್ದ ಮಾಲಲ್ಲವೆಂಬ ಧೈರ್ಯ.

ಉಳಿದ ದುಡ್ಡಿನಲ್ಲಿ ಹೆಲ್ಮೆಟ್ಟು, ಹಿಂದೆ ಮುಂದೆ ದೀಪ, ಎರಡು ಟ್ಯೂಬು ಬರುತ್ತವೆ. ಹಳೆ ಮಾಲೀಕರು ತಮ್ಮ ಹೆಲ್ಮೆಟ್ಟನ್ನೂ ಸೇರಿಸಿ ಕೊಡಲು ಬಂದರೆ ಬೇಡವೆನ್ನಿ; ಒಮ್ಮೆ ಏಟು ತಿಂದ ಥರ್ಮಾಕೋಲು ಮೇಲೆ ಏನೂ ತೋರಿಸುವುದಿಲ್ಲ. ಪಂಪು ಕೊಡುತ್ತೇನೆ ಎಂದರೆ ಮಾತ್ರ ಸಂಕೋಚ ಮಾಡಬೇಡಿ.