ನಿಮ್ಮದೆಷ್ಟು, ಸ್ವಾಮಿ?

ರಾಜಾಜಿನಗರ, ಬಸವೇಶ್ವರನಗರದ ಕಡೆ ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚು ಹಿಡಿದವರ ಮಾತು ಸೈಟಿನ ರೇಟು, ಮೊಮ್ಮಕ್ಕಳ ವೀಸಾ ಎಲ್ಲ ದಾಟಿ ಈಗ ರಕ್ತಕ್ಕೆ ಇಳಿದಿದೆ. ಮೊದಲೆಲ್ಲ ಶುಗರ್ ಎಷ್ಟು ಎಂದು ಕೇಳಿದರೆ ಸಾಕಿತ್ತು. ಅರವತ್ತು ದಾಟಿದ ಗಂಡಸರು ಈಗ ಸ್ವಲ್ಪ ದನಿ ತಗ್ಗಿಸಿ ಇನ್ನೊಂದು ಲೆಕ್ಕ ಕೇಳುತ್ತಾರೆ.

"ನಿಮ್ಮ ಪಿಎಸ್‌ಎ ಎಷ್ಟು ಸ್ವಾಮಿ?"

"ಎರಡೂ ಚಿಲ್ಲರೆ."

"ಪುಣ್ಯವಂತರು ಬಿಡಿ. ನಂದು ಐದೂವರೆ."

ಐದೂವರೆಯವರ ಮುಖದಲ್ಲಿ ಭಯದ ಜೊತೆಗೆ ಒಂದು ಚೂರು ಗತ್ತೂ ಕಾಣುತ್ತದೆ. ಯಾವುದರಲ್ಲಾದರೂ ಸರಿ, ಪಕ್ಕದವರಿಗಿಂತ ಒಂದು ಕೈ ಮೇಲಿರಬೇಕಲ್ಲ!

ವಿಜಯನಗರದಿಂದ ಕೆಂಗೇರಿವರೆಗೆ ಮುಖ್ಯರಸ್ತೆ ಹಿಡಿದು ಹೋದರೆ ದರ್ಶಿನಿಗಳಿಗೆ ಪೈಪೋಟಿ ಕೊಡುವಷ್ಟು ಲ್ಯಾಬುಗಳು. ಹಿರಿಯರ ಪ್ಯಾಕೇಜು ತಗೊಂಡರೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ಕೊಸರಿನಂತೆ ಸೇರಿಕೊಂಡಿರುತ್ತದೆ. "ಮುಷ್ಟಿ ಬಿಗಿ ಹಿಡೀರಿ ಅಂಕಲ್" ಎಂದು ಲ್ಯಾಬಿನ ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ಎಳೆದುಕೊಂಡರೆ ನಮ್ಮ ಕೆಲಸ ಮುಗಿಯಿತು. ಆಮೇಲಿನದು ಆಂಟಿಬಾಡಿಯ ಕೆಲಸ. ಒಂದು ಆಂಟಿಬಾಡಿ ತಳದಲ್ಲಿ ಕೂತು ಪಿಎಸ್‌ಎ ಪ್ರೋಟೀನನ್ನು ಹಿಡಿಯುತ್ತದೆ. ಇನ್ನೊಂದು ಮೇಲಿನಿಂದ ಬಂದು ಕಚ್ಚಿಕೊಂಡು ಬಣ್ಣವನ್ನೋ ಬೆಳಕನ್ನೋ ತೋರಿಸುತ್ತದೆ. ವಿಜ್ಞಾನಿಗಳು ಇದಕ್ಕೆ ಸ್ಯಾಂಡ್‌ವಿಚ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಅಯ್ಯಂಗಾರ್ ಬೇಕರಿಯವರನ್ನು ಕೇಳಿದ್ದರೆ ದಿಲ್‌ಪಸಂದ್ ಎಂದಿಡುತ್ತಿದ್ದರು. ಅಳತೆ ನ್ಯಾನೋಗ್ರಾಮಿನಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಒಂದು ಮಿಲಿಲೀಟರ್ ರಕ್ತದಲ್ಲಿ ಅಂಥ ನಾಲ್ಕಕ್ಕಿಂತ ಹೆಚ್ಚು ಸಿಕ್ಕರೆ ರಿಪೋರ್ಟಿನಲ್ಲಿ ದಪ್ಪಕ್ಷರ, ಮನೆಯಲ್ಲಿ ಗಾಬರಿ.

ಈ ಆಂಟಿಬಾಡಿಯ ಹುಟ್ಟೂ ಒಂದು ಕಥೆಯೇ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬಿಬ್ಬರು ಇಲಿಯ ಪ್ರತಿರೋಧ ಕೋಶವನ್ನು ಸಾಯಲೊಲ್ಲದ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಒಂದೇ ಗುರಿಯ ಆಂಟಿಬಾಡಿ ಎಷ್ಟು ಬೇಕಾದರೂ ಸುರಿಯತೊಡಗಿತು. ಕ್ಯಾನ್ಸರ್ ಹುಡುಕುವ ಬೇಹುಗಾರ ಹುಟ್ಟಿದ್ದು ಕ್ಯಾನ್ಸರ್ ಕೋಶದ ಹೊಟ್ಟೆಯಲ್ಲೇ! ಇಬ್ಬರೂ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. 1984ರಲ್ಲಿ ನೊಬೆಲ್ ಬಂತು. ನಮ್ಮವರಾಗಿದ್ದರೆ ಮನೆಯವರು ಇವತ್ತಿಗೂ ಪೇಟೆಂಟಿನ ಮಾತೆತ್ತಿ ಚುಚ್ಚುತ್ತಿದ್ದರು.

ಪಿಎಸ್‌ಎ ಗಂಡಸಿನ ಪ್ರೋಟೀನು ಎಂದೇ ಹೆಸರುವಾಸಿ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿ, ಹೆಪ್ಪುಗಟ್ಟಿದ ವೀರ್ಯವನ್ನು ತಿಳಿ ಮಾಡುವುದು ಅದರ ಕಸುಬು. ಅತ್ಯಾಚಾರದ ಮೊಕದ್ದಮೆಗಳಲ್ಲಿ ಅಪರಾಧಿ ವ್ಯಾಸೆಕ್ಟಮಿ ಮಾಡಿಸಿಕೊಂಡಿದ್ದು ವೀರ್ಯಾಣುವೇ ಸಿಗದಿದ್ದರೂ ಅಲ್ಲಿ ವೀರ್ಯ ಬಿದ್ದಿತ್ತೆಂದು ಈ ಪ್ರೋಟೀನು ಸಾಕ್ಷಿ ಹೇಳುತ್ತದೆ. ಆದರೆ ಇದರ ಜೀನು ಗಂಡಸಿನ ವೈ ಕ್ರೋಮೋಸೋಮಿನಲ್ಲಿಲ್ಲ. ಹೆಣ್ಣುಗಂಡು ಇಬ್ಬರಿಗೂ ಇರುವ 19ನೆಯದರಲ್ಲಿದೆ. ಆಂಟಿಬಾಡಿಗಳು ಸೂಕ್ಷ್ಮವಾದಂತೆ ಹೆಂಗಸರ ಎದೆಹಾಲಿನಲ್ಲೂ ಚೂರುಪಾರು ಪಿಎಸ್‌ಎ ಸಿಕ್ಕಿತು. ಅಸಲಿ ಗಂಡು ಗುರುತು ಬೇಕೆಂದರೆ ವೈ ಕ್ರೋಮೋಸೋಮಿನ, 1990ರಲ್ಲಿ ಪತ್ತೆಯಾದ ಎಸ್‌ಆರ್‌ವೈ ಜೀನಿನ ಬಾಗಿಲು ತಟ್ಟಬೇಕು. ಅಲ್ಲೂ ನೆಮ್ಮದಿಯಿಲ್ಲ: ಗಂಡುಮಗುವನ್ನು ಹೆತ್ತ ತಾಯಂದಿರ ರಕ್ತದಲ್ಲಿ ಮಗನ ಕೋಶಗಳು 27 ವರ್ಷದವರೆಗೂ ಉಳಿದಿದ್ದನ್ನು 1996ರಲ್ಲಿ ಅಮೆರಿಕದ ಡಯಾನಾ ಬಿಯಾಂಕಿ ತಂಡ ಪ್ರಕಟಿಸಿತು. ಮಗ ಮದುವೆಯಾಗಿ ಬೇರೆ ಮನೆ ಮಾಡಿದರೂ ಅಮ್ಮನ ರಕ್ತದಲ್ಲಿ ಅವನ ಕೋಣೆ ಖಾಲಿಯಾಗಿರುವುದಿಲ್ಲ.

ನನ್ನ ತಕರಾರು ಆಂಟಿಬಾಡಿಯ ಮೇಲಲ್ಲ. ಅದು ಹೇಳುವುದು ಪ್ರಾಸ್ಟೇಟ್‌ನ ಪ್ರೋಟೀನು ಇಷ್ಟಿದೆ ಎಂದಷ್ಟೇ. ಕ್ಯಾನ್ಸರ್ ಎಂದು ಓದಿಕೊಳ್ಳುವವರು ನಾವು. ಗ್ರಂಥಿ ವಯಸ್ಸಿನಿಂದ ಊದಿದರೂ, ಮೂತ್ರದ ಸೋಂಕಾದರೂ ಅದು ಏರುತ್ತದೆ. ನಾಲ್ಕರಿಂದ ಹತ್ತರ ನಡುವೆ ಇರುವವರಲ್ಲಿ ಕ್ಯಾನ್ಸರ್ ಸಿಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಅದರಲ್ಲೂ ಹಲವು ಎಷ್ಟು ನಿಧಾನದವೆಂದರೆ ಮನುಷ್ಯ ಬೇರೇನೋ ಆಗಿ ಹೋಗುತ್ತಾನೆ, ಅದು ಹಾಗೇ ಕೂತಿರುತ್ತದೆ. 1970ರಲ್ಲಿ ಪ್ರಾಸ್ಟೇಟಿನ ಪ್ರತಿಜನಕವೊಂದನ್ನು ಗುರುತಿಸಿದ ರಿಚರ್ಡ್ ಏಬ್ಲಿನ್ ಅವರೇ 2010ರಲ್ಲಿ ಪತ್ರಿಕೆಗೆ ಬರೆದು, ಕಂಡಕಂಡವರಿಗೆಲ್ಲ ಈ ಪರೀಕ್ಷೆ ಮಾಡುವುದನ್ನು ಅನಾಹುತವೆಂದು ಬೈದರು. ಹಾಗಂತ ಕಡೆಗಣಿಸುವ ಮಾತೂ ಅಲ್ಲ. ಬೆಂಗಳೂರಿನ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮೊದಲ ಸಾಲಿನಲ್ಲೇ ಇದೆ.

ಆದ್ದರಿಂದ ರಾಯರೇ, ಪ್ಯಾಕೇಜಿನ ಮುಲಾಜಿಗೆ ಬೀಳದೆ, ಮಾಡಿಸಬೇಕೋ ಬೇಡವೋ ಎಂದು ಮೊದಲು ಡಾಕ್ಟರನ್ನು ಕೇಳಿ. ಮಾಡಿಸುವುದಾದರೆ ಹಿಂದಿನ ಎರಡು ದಿನ ಸೈಕಲ್ ತುಳಿಯಬೇಡಿ. ಅಳತೆ ಹೆಚ್ಚು ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಆಮೇಲೆ ಬಯಾಪ್ಸಿಯ ಮಾತು.