ಅಗಲವಾದ ಟಯರುಗಳೂ ನಮ್ಮ ಕಾರ್ಕಳದ ಪ್ರಯಾಣವೂ

ಕಳೆದ ಆಷಾಢಮಾಸದಲ್ಲಿ ನಮ್ಮ ಅಳಿಯಂದಿರು ತಮ್ಮ ಮೋಟಾರಿಗೆ ಅಗಲವಾದ ಟಯರುಗಳನ್ನು ತೊಡಿಸಿಕೊಂಡು ಉಡುಪಿಗೆ ಬಂದಿದ್ದರು. ಗಾಡಿಯೊಡನೆ ಬಂದಿದ್ದ ಟಯರುಗಳ ಅಗಲ 165 ಮಿಲಿಮೀಟರು. ಅಂಗಡಿಯವನು 195ರದನ್ನು ಹಾಕಿದ್ದನು. ನೋಟಕ್ಕೇನೋ ಗಾಡಿಯು ಗರಡಿಯಾಳಿನಂತೆ ಕಾಲೂರಿ ನಿಂತಿದ್ದಿತು. ಚಕ್ರದ ಅಂಚಿಗೆ ಅಮರಕೋಶವು ನೇಮಿಯೆಂದೂ ಪ್ರಧಿಯೆಂದೂ ಹೆಸರುಗಳನ್ನು ಕೊಟ್ಟಿದೆಯೇ ಹೊರತು ಅದರ ಅಗಲವನ್ನು ಹೇಳಿಲ್ಲವಾದುದರಿಂದ ನಾವು ಸುಮ್ಮನಾದೆವು.

ಮಣಿಪಾಲದ ಏರನ್ನು ಹತ್ತುವಾಗ ತೊಂದರೆಯೇನೂ ಕಾಣಲಿಲ್ಲ. ಮುರಕಲ್ಲಿನ ಆ ಗುಡ್ಡವು 1953ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ತರುವಾಯ ದೊಡ್ಡ ಪಟ್ಟಣವೇ ಆಗಿಹೋಗಿದೆ. ಅಲ್ಲಿಯ ಕಿರುದಾರಿಯೊಂದರಲ್ಲಿ ಗಾಡಿಯನ್ನು ಪೂರ್ತಿಯಾಗಿ ತಿರುಗಿಸುವಾಗ ಮಾತ್ರ ಮುಂದಿನ ಚಕ್ರದ ಬಳಿ ಕರಕರನೆ ಸದ್ದಾಯಿತು. “ಹೊಸದಲ್ಲವೇ ಮಾವ, ಸರಿಹೋಗುತ್ತದೆ” ಎಂದರು ಅಳಿಯಂದಿರು.

ಕಾಪುವಿಗೆ ಹೊರಟಾಗ ಮಳೆ ಹಿಡಿಯಿತು. ನಮ್ಮ ಕರಾವಳಿಯ ಮಳೆಯೆಂದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರು. ಹೆದ್ದಾರಿಯ ತಗ್ಗಿನಲ್ಲಿ ನೀರು ಹಾಳೆಯಂತೆ ನಿಂತಿದ್ದಿತು. ಅದರ ಮೇಲೆ ಹೋದೊಡನೆ ಚುಕ್ಕಾಣಿಯು ಅಳಿಯಂದಿರ ಕೈಯಲ್ಲಿ ಹಗುರವಾಯಿತು. ಗಾಡಿಯು ನೆಲದ ಹಿಡಿತ ತಪ್ಪಿ ಎಡಕ್ಕೆ ತೇಲಿತು. ಹಿಂದಿನ ಆಸನದಲ್ಲಿ ಮೊಮ್ಮಗಳು ನಮಗೆ ಒರಗಿ ನಿದ್ರಿಸುತ್ತಿದ್ದಳು. ಅಳಿಯಂದಿರು ಬ್ರೇಕನ್ನು ತುಳಿಯದೆ, ಚುಕ್ಕಾಣಿಯನ್ನು ಸೆಳೆದಾಡದೆ, ವೇಗವನ್ನು ತಾನಾಗಿ ಇಳಿಯಗೊಟ್ಟುದರಿಂದ ಬದುಕಿದೆವು. ಚಕ್ರಗಳು ಮತ್ತೆ ನೆಲ ಹಿಡಿದ ಮೇಲೂ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಮಗುವಿಗೆ ಎಚ್ಚರವೇ ಆಗಲಿಲ್ಲ.

1901ರ ದೀಪಸ್ತಂಭವು ಮಳೆಯ ತೆರೆಯ ಹಿಂದೆ ಮಸಕಾಗಿ ಕಾಣುತ್ತಿದ್ದಿತು. ಅಲ್ಲಿ ಗಾಡಿಯನ್ನು ನಿಲ್ಲಿಸಿ ಕಾರಣವನ್ನು ವಿಚಾರಿಸಿದೆವು. ಭಾರವೂ ಗಾಳಿಯ ಒತ್ತಡವೂ ಮೊದಲಿನಷ್ಟೇ ಇದ್ದರೆ ನೆಲಕ್ಕೆ ತಾಗುವ ಜಾಗವು ಹೆಚ್ಚುಕಡಮೆ ಅಷ್ಟೇ ಇರುವುದು. ಅದರ ಆಕಾರ ಮಾತ್ರ ಅಡ್ಡಕ್ಕೆ ಹರಡಿ, ಉದ್ದಕ್ಕೆ ಕುಗ್ಗುವುದು. ಒಣನೆಲದಲ್ಲಿ, ತಿರುವುಗಳಲ್ಲಿ, ಇದರಿಂದ ಹಿಡಿತ ಹೆಚ್ಚುವುದುಂಟು. ನೀರಿನಲ್ಲಾದರೋ ಅಗಲವಾದ ಚಕ್ರವು ತನ್ನ ಮುಂದಿನ ಹೆಚ್ಚು ನೀರನ್ನು ತಳ್ಳಬೇಕು; ತಳ್ಳಲಾರದೆ ಹೋದರೆ ಅದರ ಮೇಲೇರಿ ದೋಣಿಯಾಗುವುದು.

ಶಿರ್ವದ ಮಾರ್ಗವಾಗಿ ಮೆಲ್ಲಗೆ ಕಾರ್ಕಳವನ್ನು ಸೇರಿದೆವು. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟೇಶ್ವರನು 42 ಅಡಿ ಎತ್ತರದವನು. ಆ ಏಕಶಿಲೆಯನ್ನು ಅನೇಕ ಗಾಲಿಗಳ ಬಂಡಿಯ ಮೇಲೆ ಬೆಟ್ಟಕ್ಕೆ ಎಳೆದರೆಂದು ಐತಿಹ್ಯ. ಅವರು ಬೆಟ್ಟವನ್ನೂ ಭಾರವನ್ನೂ ನೋಡಿ ಗಾಲಿಗಳನ್ನು ಕಟ್ಟಿದ್ದರು. ಅಂಗಡಿಯವನು ಅಳಿಯಂದಿರ ಮುಖವನ್ನು ನೋಡಿ ಟಯರನ್ನು ತೆಗೆದಿದ್ದನು!

ಪೇಟೆಯ ಮೆಕ್ಯಾನಿಕನು ಚಕ್ರದ ಕಬ್ಬಿಣದ ರಿಮ್ಮನ್ನು ಅಳೆದು ನೋಡಿದನು. ಅಗಲ 5 ಅಂಗುಲ. 195/65 ಅಳತೆಯ ಟಯರಿಗೆ ಕನಿಷ್ಠ ಐದೂವರೆ ಅಂಗುಲ ಬೇಕು. ಮೂಲದ 165/80 ಆರ್ 14ಕ್ಕೆ ಬದಲಾಗಿ ಅಗಲವೇ ಬೇಕಾದರೆ 185/70 ಆರ್ 14 ಆಗಬಹುದು, ಅದು ಆ ರಿಮ್ಮಿಗೆ ಕೂರುತ್ತದೆ, ವ್ಯಾಸದಲ್ಲಿ 5 ಮಿಲಿಮೀಟರಿನಷ್ಟೇ ವ್ಯತ್ಯಾಸ, ಭಾರ ಹೊರುವ ಅಂಕೆಯು ಮಾತ್ರ ಮೂಲಕ್ಕಿಂತ ಕಡಮೆ ಇರಬಾರದು ಎಂದನು. ಮಳೆಗಾಲ ಮುಗಿಯುವವರೆಗೆ ಯಾವುದು ಒಳ್ಳೆಯದೆಂದು ಕೇಳಿದೆವು. ಅವನು ನಕ್ಕು, “ಹಳೆಯದು ಎಲ್ಲಿದೆ ಸ್ವಾಮೀ?” ಎಂದನು.

ಹಳೆಯವು ನಮ್ಮ ಕೊಟ್ಟಿಗೆಯಲ್ಲಿಯೇ ಇದ್ದುವು. ಮರುದಿನ ಅವನ್ನೇ ತೊಡಿಸಿ ಅಂಗಳದಲ್ಲಿ ಚುಕ್ಕಾಣಿಯನ್ನು ಎರಡು ಕಡೆಗೂ ಕೊನೆಯವರೆಗೆ ತಿರುಗಿಸಿ ನೋಡಿದೆವು. ಸದ್ದು ಬರಲಿಲ್ಲ.